ಆಲ್ಮಾ ಎಂಬ ಬ್ಯಾಟರಿ

"ತಪ್ಪು ನಂದೇ ಮೇಡಂ. ಎಲ್ಲಿ ಸೈನ್ ಹಾಕ್ಬೇಕು ತೋರಿಸಿ, ಹಾಕ್ಬಿಡ್ತೀನಿ," ಎಂದಳು ಬುರ್ಗಾ.

ಇನ್ಸ್‌ಪೆಕ್ಟರ್ ಆಫ್ರಾ ಜೆಟ್ಲರ್ ಮೇಜಿನ ಮೇಲಿದ್ದ ತಪ್ಪೊಪ್ಪಿಗೆ ಕಾಗದವನ್ನೂ ಪೆನ್ನನ್ನೂ ಎತ್ತಿ ತನ್ನ ಜೇಬಿಗೇ ಸೇರಿಸಿಕೊಂಡಳು. ತಪ್ಪೊಪ್ಪಿಕೊಳ್ಳಲು ಇಷ್ಟು ಅವಸರ ಮಾಡುವವರನ್ನು ಅವಳು ತನ್ನ ನೌಕರಿಯಲ್ಲೇ ಕಂಡಿರಲಿಲ್ಲ. ಹಾಗೆ ಅವಸರದಲ್ಲಿ ಒಪ್ಪಿಕೊಂಡ ತಪ್ಪುಗಳ ಮೇಲೆ ಅವಳಿಗೆ ನಂಬಿಕೆಯೂ ಇರಲಿಲ್ಲ.

ಮೊಯ್ಸ್‌ಬಾಖ್ ಊರಿನ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ಜಾತ್ರೆಯಲ್ಲಿ ಬಿಯರ್ ಕುಡಿಯುವವರಿಗೆ ಹಾಕುವಂಥ ಒಂದು ಉದ್ದನೆಯ ಮೇಜು. ಅದರ ಮೇಲೆ ಜಿಂಕೆಮರಿ ರಕ್ಷಣಾ ಸಂಘದ ಡ್ರೋನ್. ಹೊಟ್ಟೆಯ ಕೆಳಗಿನ ಕ್ಯಾಮೆರಾ ಕಿತ್ತುಬಂದಿತ್ತು, ನಾಲ್ಕೂ ರೆಕ್ಕೆಗಳು ಬುಡದಲ್ಲೇ ಮುರಿದಿದ್ದವು. ಮೊನ್ನೆ ಸೂರ್ಯ ಹುಟ್ಟುವ ಹೊತ್ತಿಗೆ ಹುಲ್ಲುಗಾವಲಿನ ಅಂಚಿನಲ್ಲಿ ತಲೆಯೊಡೆದು ಪ್ರಜ್ಞೆಯಿಲ್ಲದೆ ಬಿದ್ದಿದ್ದ ಬೇಟೆಗಾರ ಓಟ್ಮಾರ್‌ನ ಪಕ್ಕದಲ್ಲಿ ಸಿಕ್ಕಿದ್ದು ಇದೇ.

ಊರಿನವರ ಲೆಕ್ಕ ಸರಳವಾಗಿತ್ತು. ಹಿಂದಿನ ಸಂಜೆ ಬುರ್ಗಾ ಡ್ರೋನಿನ ಫರ್ಮ್‌ವೇರ್ ಅಪ್‌ಡೇಟ್ ಮಾಡಿದ್ದಳು. ಬೆಳಗ್ಗೆ ಓಟ್ಮಾರ್ ಅದನ್ನು ಒಯ್ದು ಹಾರಿಸಿದ್ದ. ಅಪ್‌ಡೇಟ್ ಕೆಟ್ಟು ಡ್ರೋನ್ ಅವನ ತಲೆಯ ಮೇಲೆಯೇ ಬಿದ್ದಿತ್ತು. ಮುಗಿಯಿತು.

ಇಂದು ಸಂಜೆಯೊಳಗೆ ಕಾಗದ ಸರಕಾರಿ ವಕೀಲರ ಕೈ ಸೇರಿದರೆ ಬುರ್ಗಾಳ ಮೇಲೆ ಮೊಕದ್ದಮೆ, ಸಂಘದ ಹಾರಾಟಕ್ಕೆ ಬೀಗ. ನಾಳೆಯಿಂದ ಒಣಹವೆ ಎಂದು ರೇಡಿಯೋದವರು ಬೇರೆ ಬೊಬ್ಬೆ ಹೊಡೆಯುತ್ತಿದ್ದರು. ಕಣಿವೆಯ ರೈತರೆಲ್ಲ ಒಟ್ಟಿಗೇ ಹುಲ್ಲು ಕೊಯ್ಯಲು ಇಳಿಯುವ ದಿನ ಅದು. ಎದೆಯೆತ್ತರದ ಹುಲ್ಲಿನೊಳಗೆ ತಾಯಿ ಜಿಂಕೆ ಬಚ್ಚಿಟ್ಟ ಮರಿ ಯಂತ್ರ ಹತ್ತಿರ ಬಂದರೆ ಓಡುವುದಿಲ್ಲ, ಇನ್ನಷ್ಟು ನೆಲಕ್ಕಂಟಿ ಮಲಗುತ್ತದೆ. ಮೇಲಿನಿಂದ ಡ್ರೋನಿನ ಶಾಖದ ಕಣ್ಣು ಅದನ್ನು ಹುಡುಕಿಕೊಡದಿದ್ದರೆ ಮುಂದಿನದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹದಿಮೂರು ವರ್ಷ ಚೀಸ್ ಅಂಗಡಿ ನಡೆಸುತ್ತಲೇ ಈ ಸಂಘವನ್ನು ಕಟ್ಟಿದವಳು ಬುರ್ಗಾ. ಈಗ ಕೈಗಳನ್ನು ಏಪ್ರನ್ನಿನೊಳಗೆ ಸುತ್ತಿಕೊಂಡು, ಶಿಕ್ಷೆ ಯಾವಾಗ ಸಿಗುತ್ತದೆ ಎಂದು ಕಾದು ಕೂತಿದ್ದಳು. ಅವಳನ್ನು ನೋಡಿ ಆಫ್ರಾಗೆ ಸಿಟ್ಟೇ ಬಂತು.

"ಓಟ್ಮಾರ್ ಹೆಂಡ್ತಿ ಹೆಡ್ವಿಗ್ ಬೆಳಗ್ಗೆ ನನ್ನ ಹತ್ರ ಬಂದಿದ್ರು," ಎಂದಳು ಆಫ್ರಾ. "ಬುರ್ಗಾನ ಏನೂ ಮಾಡ್ಬೇಡಿ, ಇದು ಬರೀ ಆಕಸ್ಮಿಕ, ಬೇಗ ಮುಗಿಸ್ಬಿಡಿ ಅಂತ ಕಣ್ಣೀರು ಹಾಕಿದ್ರು. ಗಂಡ ಆಸ್ಪತ್ರೇಲಿ ಸಾವು ಬದುಕಿನ ಮಧ್ಯೆ ಇದ್ದಾನೆ, ಆಕೆ ನಿಮ್ಮ ಪರ ಮಾತಾಡ್ತಾರೆ. ನೀವು ನೋಡಿದ್ರೆ ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳ್ತಿದ್ದೀರ."

"ಹೆಡ್ವಿಗ್ ದೇವರಂಥ ಹೆಂಗಸು," ಎಂದು ಬುರ್ಗಾ ಮೂಗೊರೆಸಿಕೊಂಡಳು. "ಅದಕ್ಕೇ ಇನ್ನೂ ಹೆಚ್ಚು ಸಂಕಟ ಆಗೋದು."

ಆಫ್ರಾ ಡ್ರೋನಿನ ಮುರಿದ ರೆಕ್ಕೆಯ ಒಂದು ತುಂಡನ್ನು ಬೆಳಕಿಗೆ ಹಿಡಿದಳು. ಅಂಚು ಬೆಳ್ಳಗಿತ್ತು. ಅವಳಿಗೆ ಯಂತ್ರಗಳ ಗಂಧಗಾಳಿ ಇರಲಿಲ್ಲ. ತನ್ನ ಫೋನು ಅಪ್‌ಡೇಟ್ ಕೇಳಿದಾಗಲೆಲ್ಲ ಎರಡು ವರ್ಷದಿಂದ 'ಆಮೇಲೆ' ಎಂದೇ ಒತ್ತುತ್ತ ಬಂದವಳು. ಆದರೆ ಹುಲ್ಲು ಗೊತ್ತಿತ್ತು. ಅವಳೂ ಈ ಆಲ್ಗಾಯ್ ಕಣಿವೆಯವಳೇ, ಹಸುಗಳ ಮಧ್ಯೆ ಬೆಳೆದವಳೇ.

"ಬುರ್ಗಾ, ತಿರುಗ್ತಿರೋ ರೆಕ್ಕೆ ಹಸಿ ಹುಲ್ಲಿಗೆ ತಾಗಿದ್ರೆ ಏನಾಗುತ್ತೆ?"

"ಹಸಿರಾಗುತ್ತೆ. ತಿಕ್ಕಿದ್ರೂ ಹೋಗಲ್ಲ."

"ಇದರಲ್ಲಿ ಹಸಿರೆಲ್ಲಿದೆ?"

ಬುರ್ಗಾ ತುಂಡನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು.

"ಅಷ್ಟೆತ್ತರದಿಂದ ಬಿದ್ದ ಡ್ರೋನಿನ ಈ ರೆಕ್ಕೆ ಹೊರೋ ತೋಳುಗಳು ಹೀಗೆ ನೆಟ್ಟಗೆ ಉಳಿತಾವಾ?"

"ಬೀಳೋ ರೀತಿ ಮೇಲೆ ಹೋಗುತ್ತೆ," ಎಂದಳು ಬುರ್ಗಾ, ಆದರೆ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. "ಸುಮ್ನೆ ನನಗೆ ಆಸೆ ಹುಟ್ಟಿಸ್ಬೇಡಿ ಮೇಡಂ."

ಆಫ್ರಾ ಬೆಂಚನ್ನು ಎಳೆದುಕೊಂಡು ಅವಳೆದುರು ಕೂತಳು. "ಆಸೆ ಪಕ್ಕಕ್ಕಿಡಿ. ಅಪ್‌ಡೇಟ್ ಹೇಗೆ ಮಾಡ್ತೀರ ಅನ್ನೋದನ್ನ ದಡ್ಡಿಗೆ ಹೇಳೋ ಹಾಗೆ ಹೇಳಿ. ನಾನು ದಡ್ಡಿನೇ."

ಬುರ್ಗಾ ಹೇಳಿದಳು. ಡ್ರೋನಿನೊಳಗೆ ಒಂದು ಬುದ್ಧಿ ಇರುತ್ತದೆ, ಕಂಪನಿಯವರು ಆಗಾಗ ಅದನ್ನು ತಿದ್ದಿ ಕಳಿಸುತ್ತಾರೆ. ಡ್ರೋನಿಗೆ ಒಂದೇ ಅಲ್ಲ, ಪ್ರತಿ ಬ್ಯಾಟರಿಯೊಳಗೂ ಅದರದೇ ಪುಟ್ಟ ಬುದ್ಧಿ. ಮೊದಲು ಡ್ರೋನಿಗೆ ಮಾಡಬೇಕು, ಆಮೇಲೆ ಒಂದೊಂದೇ ಬ್ಯಾಟರಿಯನ್ನು ಅದರ ಹೊಟ್ಟೆಗೆ ಹಾಕಿ ಬೇರೆಬೇರೆಯಾಗಿ ಮಾಡಬೇಕು. "ಹಾಲು ಕರೆಯೋ ಹಾಗೇ ಮೇಡಂ. ಕೊಟ್ಟಿಗೆಗೆಲ್ಲ ಒಂದೇ ಸಲ ಆಗಲ್ಲ, ಒಂದೊಂದೇ ಹಸು."

ಅದಕ್ಕೇ ಇರಬೇಕು, ಈ ಸಂಘದವರು ಬ್ಯಾಟರಿಗಳಿಗೆ ಹಸುಗಳ ಹೆಸರಿಟ್ಟಿದ್ದರು. ರೋಸಿ, ಬೆಲ್ಲಾ, ಫ್ಲೋರಾ, ಆಲ್ಮಾ. ಒಂದೊಂದರ ಬೆನ್ನ ಮೇಲೂ ಬಣ್ಣದಲ್ಲಿ ಹೆಸರು, ಸುತ್ತ ಹೂವು. ಒಣಹುಲ್ಲಿನ ಕೊಟ್ಟಿಗೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಚಾರ್ಜಿಗೆ ಹಾಕಲು ವಿಮೆಯವರು ಒಪ್ಪದ್ದರಿಂದ ಮನೆಗೊಂದು ಹಂಚಿಕೊಂಡಿದ್ದರು. ರೋಸಿ ಬುರ್ಗಾಳ ಮನೆಯಲ್ಲಿ. ಆಲ್ಮಾ ದೊಡ್ಡ ರೈತ ಮಾಗ್ನುಸ್‌ನ ಮನೆಯಲ್ಲಿ. ಡ್ರೋನ್ ಮಾತ್ರ ಬುರ್ಗಾಳ ಅಂಗಡಿಯ ಜಗುಲಿಯ ಪೆಟ್ಟಿಗೆಯಲ್ಲಿ, ಬೀಗವಿಲ್ಲದೆ. ಯಾರಿಗೆ ಬೇಕೋ ಅವರು ಒಯ್ಯಬಹುದು. ಈ ಊರಿನಲ್ಲಿ ಬೀಗ ಹಾಕುವುದೆಂದರೆ ನೆರೆಯವರಿಗೆ ಬೈದ ಹಾಗೆ.

"ಆವತ್ತು ಸಂಜೆ ಎಲ್ಲ ಬ್ಯಾಟರಿಗಳೂ ಬಂದಿದ್ವಾ?"

"ಆಲ್ಮಾ ಒಂದು ಬರ್ಲಿಲ್ಲ. ಮಾಗ್ನುಸ್ ಮನೇಲಿ ಹಸು ಕರು ಹಾಕ್ತಿತ್ತು, ಅವನಿಗೆ ಬರಕ್ಕಾಗಿಲ್ಲ ಅಂದ್ಕೊಂಡೆ. ನಾಳೆ ಮಾಡಿದ್ರಾಯ್ತು ಅಂತ ಬಿಟ್ಟೆ. ಡ್ರೋನನ್ನ ಖಾಲಿ ಹೊಟ್ಟೇಲೇ ಪೆಟ್ಟಿಗೇಲಿಟ್ಟು, ರೋಸೀನ ಚಾರ್ಜಿಗೆ ಅಂತ ಮನೆಗೆ ತಂದೆ."

"ಮೊನ್ನೆ ಡ್ರೋನಿನ ಹೊಟ್ಟೇಲಿ ಸಿಕ್ಕ ಬ್ಯಾಟರಿ ಯಾವುದು?"

ಪ್ರಶ್ನೆ ಕೇಳಿದ್ದು ಬುರ್ಗಾಗೆ, ಉತ್ತರ ಕೊಟ್ಟದ್ದು ಅಗ್ನಿಶಾಮಕ ದಳದ ಮುಖ್ಯಸ್ಥ ಅಲೋಯ್ಸ್. ಅವನು ಮರಳಿನ ಬಕೆಟ್ಟಿನ ಪಕ್ಕದಲ್ಲಿ, ಅದರೊಳಗೆ ಬಾಂಬಿದೆಯೇನೋ ಎಂಬಂತೆ ನಿಂತಿದ್ದ. "ಆಲ್ಮಾ. ನನ್ನ ಕೈಯಾರೆ ತೆಗ್ದೆ, ಊರವರೆಲ್ಲ ನೋಡ್ತಿದ್ರು. ಪೆಟ್ಟು ಬಿದ್ದ ಬ್ಯಾಟರಿ ಯಾವಾಗ ಹೊತ್ಕೊಳ್ಳುತ್ತೋ ಹೇಳಕ್ಕಾಗಲ್ಲ. ಸೀದಾ ಈ ಮರಳಿಗೆ ಹಾಕಿ ಠಾಣೆ ಒಳಗಿಟ್ಟು ಬೀಗ ಹಾಕ್ದೆ. ಇವತ್ತೇ ಆಚೆ ತಂದಿದ್ದು."

ಆಫ್ರಾ ಬಗ್ಗಿ ಮರಳಿನ ಬಕೆಟ್ಟಿನೊಳಗೆ ಇಣುಕಿದಳು.

"ಅಂದ್ರೆ ಅಪ್‌ಡೇಟ್ ಆಗಿರೋ ಡ್ರೋನ್, ಆಗದೇ ಇರೋ ಬ್ಯಾಟರಿ," ಎಂದಳು ನಿಧಾನವಾಗಿ. "ಇವೆರಡನ್ನೂ ಜೋಡಿಸಿದ್ರೆ ಏನಾಗುತ್ತೆ?"

"ಗೊಣಗುತ್ತೆ," ಎಂದಳು ಬುರ್ಗಾ. "ಇದಕ್ಕೂ ಅಪ್‌ಡೇಟ್ ಮಾಡು ಅಂತ ಪರದೆ ಮೇಲೆ ಕೇಳುತ್ತೆ."

"'ಆಮೇಲೆ' ಅಂತ ಒತ್ತಿದ್ರೆ?"

"ಹೋದ ವರ್ಷ ಒತ್ತಿದ್ದೆ. ಗೊಣಗ್ಕೊಂಡೇ ಹಾರ್ತು. ಅರ್ಧ ಚಾರ್ಜ್ ಇದೆ ಅಂತ ತೋರಿಸ್ತಾ ತೋರಿಸ್ತಾನೇ ನಡುಗಾಳೀಲಿ ಸತ್ತೋಯ್ತು. ಪುಣ್ಯಕ್ಕೆ ಸಗಣಿ ಗುಡ್ಡೆ ಮೇಲೆ ಬಿತ್ತು. ಮೊನ್ನೇನೂ ಹಾಗೇ ಆಗಿದೆ ಮೇಡಂ. ಆಲ್ಮಾ ಬಂದಿಲ್ಲ ಅಂತ ಗೊತ್ತಿದ್ದೂ ನಾನು ಡ್ರೋನನ್ನ ಬೀಗ ಇಲ್ಲದ ಪೆಟ್ಟಿಗೇಲಿ ಬಿಟ್ಟು ಬಂದೆನಲ್ಲ, ಅದೇ ನನ್ನ ತಪ್ಪು."

"ಈ ಹೊಸ ಅಪ್‌ಡೇಟ್ ಆದ್ಮೇಲೂ ಹಾಗೆ ಹಾರುತ್ತಾ?"

"ಗೊತ್ತಿಲ್ಲ," ಎಂದಳು ಬುರ್ಗಾ. "ಯಾರೂ ಮಾಡಿ ನೋಡಿಲ್ಲ."

"ಸರಿ. ಮಾಡಿ ನೋಡೋಣ."

ಅಲೋಯ್ಸ್ ಹೌಹಾರಿದ. "ನಿಮಗೇನು ತಲೆ ಕೆಟ್ಟಿದೆಯಾ? ಆಲ್ಮಾದ ಒಂದು ಮೂಲೆ ನಗ್ಗಿದೆ!"

"ಅದಕ್ಕೇ ನೀವಿರೋದು. ನೀರಿನ ಪೈಪು ಬಿಚ್ಚಿ ಇಟ್ಕೊಳ್ಳಿ."

ಬುರ್ಗಾ ಎದ್ದು ನಿಂತಳು. "ಮೇಡಂ, ಮೋಟರು ತಿರುಗಿಬಿಟ್ರೆ?"

ತಿರುಗಿದರೆ ಬುರ್ಗಾಳ ತಪ್ಪು ಇಡೀ ಊರಿನ ಕಣ್ಣೆದುರು ಸಾಬೀತಾದಂತೆ. ತಿರುಗದಿದ್ದರೆ, ಆಲ್ಮಾ ಹಾಕಿದ ಆ ಡ್ರೋನ್ ಮೊನ್ನೆ ನೆಲ ಬಿಟ್ಟು ಎದ್ದೇ ಇಲ್ಲ. ಆಫ್ರಾ ಇದನ್ನು ಸುತ್ತಿಬಳಸದೆ ಅವಳಿಗೆ ಹೇಳಿದಳು. ಬೇಡವೆನ್ನಿ, ನಿಲ್ಲಿಸಿಬಿಡುತ್ತೇನೆ ಎಂದೂ ಹೇಳಿದಳು.

ಬುರ್ಗಾ ಏಪ್ರನ್ ಬಿಚ್ಚಿ ಬೆಂಚಿನ ಮೇಲೆಸೆದಳು. "ರಿಮೋಟ್ ಕೊಡಿ ಇಲ್ಲಿ."

ಓಟ್ಮಾರ್‌ನ ಪಕ್ಕದಲ್ಲಿ ಸಿಕ್ಕ ರಿಮೋಟ್ ಮ್ಯೂನಿಕ್‌ನ ಪ್ರಯೋಗಾಲಯದಲ್ಲಿ ತನ್ನ ಸರದಿಗೆ ಕಾಯುತ್ತಿತ್ತು. ಅಲ್ಲಿಯ ಸಾಲು ಹನುಮಂತನ ಬಾಲ. ಹಾಗಾಗಿ ಆಫ್ರಾ ಪಕ್ಕದೂರಿನ ಸಂಘದಿಂದ ಅಂಥದೇ ಇನ್ನೊಂದನ್ನು ಎರವಲು ತಂದಿದ್ದಳು. ಬುರ್ಗಾ ಅದನ್ನು ಡ್ರೋನಿಗೆ ಹೊಂದಿಸುವಷ್ಟರಲ್ಲಿ ಅಂಗಳದ ಬೇಲಿಯಾಚೆ ಅರ್ಧ ಊರೇ ನೆರೆದಿತ್ತು. ಸುದ್ದಿ ಹಬ್ಬಲು ಇಲ್ಲಿ ಫೋನು ಬೇಕಾಗಿರಲಿಲ್ಲ.

ಅಷ್ಟರಲ್ಲಿ ಟ್ರಾಕ್ಟರಿನ ಗುಡುಗು. ಮಾಗ್ನುಸ್ ಅದನ್ನು ಅಂಗಳದ ಬಾಗಿಲಿಗೇ ಅಡ್ಡ ನಿಲ್ಲಿಸಿ ಧುಮುಕಿದ. ಕೆಂಪು ಮುಖ, ದೊಡ್ಡ ಹೊಟ್ಟೆ, ಕೊಟ್ಟಿಗೆಯ ಬೂಟು.

"ನಾಳೆ ಹುಲ್ಲು ಕೊಯ್ಯೋದಾ ಬೇಡ್ವಾ? ಅದನ್ನ ಮೊದಲು ಹೇಳಿ! ಹುಡುಕದೇ ಕೊಯ್ದ ಅಂತ ಹೋದ ವರ್ಷ ನನ್ನ ಕೋರ್ಟಿಗೆ ಎಳೆದ್ರಲ್ಲ, ಈಗ ಹುಡುಕೋ ಡ್ರೋನಿಗೇ ಬೀಗ ಹಾಕ್ತೀರಾ? ಹಸುಗಳಿಗೆ ಚಳಿಗಾಲದಲ್ಲಿ ಏನು ಹಾಕ್ಲಿ, ನಿಮ್ಮ ಕಾಗದ ಪತ್ರ ಹಾಕ್ಲಾ?"

ಬೇಲಿಯಾಚೆ ನಗು ಎದ್ದಿತು. ಆಫ್ರಾ ನಗಲಿಲ್ಲ. ಕೋರ್ಟಿಗೆ ಎಳೆದವನು ಓಟ್ಮಾರ್ ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ಮಾಗ್ನುಸ್ ಹಟಕ್ಕೆ ಬಿದ್ದು ತಾನೇ ಸಂಘ ಸೇರಿದ್ದ, ಓಟ್ಮಾರ್ ಬರುವ ಕಡೆ ಎದೆಯುಬ್ಬಿಸಿ ಓಡಾಡುತ್ತಿದ್ದ. ಇಬ್ಬರಿಗೂ ಮಾತಿರಲಿಲ್ಲ.

"ಒಳ್ಳೇ ಹೊತ್ತಿಗೆ ಬಂದ್ರಿ ಮಾಗ್ನುಸ್. ನಿಮ್ಮ ಆಲ್ಮಾನೇ ಪರೀಕ್ಷೆಗೆ ಕೂತಿರೋದು. ಇಲ್ಲೇ ನಿಂತ್ಕೊಳ್ಳಿ."

ಮಾಗ್ನುಸ್ ಮೇಜಿನ ಹತ್ತಿರ ಬಂದು ಡ್ರೋನನ್ನು ನೋಡುತ್ತ ನಿಂತ.

ಮೊದಲು ರೋಸಿ. ಬುರ್ಗಾ ಅದನ್ನು ಡ್ರೋನಿನ ಹೊಟ್ಟೆಗೆ ನೂಕಿದಳು. ಹಸಿರು ದೀಪ. ರಿಮೋಟಿನ ಎರಡು ಕಡ್ಡಿಗಳನ್ನು ಒಳಮುಖವಾಗಿ ಕೆಳಗೆಳೆದಳು. ರೆಕ್ಕೆಯಿಲ್ಲದ ನಾಲ್ಕು ಮೋಟರುಗಳು ಝುಂಯ್ ಎಂದು ತಿರುಗಿದವು. ಬೇಲಿಯಾಚೆ ಯಾರೋ ಚಪ್ಪಾಳೆ ತಟ್ಟಿದರು.

"ಅಂದ್ರೆ ಡ್ರೋನು ಚೆನ್ನಾಗೇ ಇದೆ. ಅಪ್‌ಡೇಟೂ ಕೆಟ್ಟಿಲ್ಲ," ಎಂದಳು ಆಫ್ರಾ, ಎಲ್ಲರಿಗೂ ಕೇಳುವಂತೆ. "ಈಗ ಆಲ್ಮಾ."

ಅಲೋಯ್ಸ್ ದಪ್ಪ ಕೈಗವಸು ತೊಟ್ಟು ಮರಳಿನಿಂದ ಬ್ಯಾಟರಿಯನ್ನು ಎತ್ತಿದ. ಊದಿ ಮರಳು ಹಾರಿಸಿದ. ನಗ್ಗಿದ ಮೂಲೆಯ ಪಕ್ಕದಲ್ಲಿ ನೀಲಿ ಹೂವುಗಳ ನಡುವೆ ಹೆಸರು ಹಾಗೇ ಇತ್ತು. ಅವನು ಅದನ್ನು ಒಳಗೆ ನೂಕಿ, ಎರಡೇ ಹೆಜ್ಜೆಗೆ ಪೈಪಿನ ಬಳಿ ಓಡಿದ.

ದೀಪ ಹತ್ತಿತು. ಕೆಂಪು. ರಿಮೋಟು ಮೂರು ಬಾರಿ ಕೀಚಲು ದನಿ ಹೊರಡಿಸಿತು. ಪರದೆಯ ತುಂಬ ಒಂದು ಸೂಚನೆ: ಬ್ಯಾಟರಿಯ ಆವೃತ್ತಿ ಹೊಂದುತ್ತಿಲ್ಲ. ಕೆಳಗೆ ಎರಡು ಗುಂಡಿ. ಒಂದು 'ಈಗಲೇ', ಇನ್ನೊಂದು 'ಆಮೇಲೆ'.

"ಇದೇನಿದು?" ಮಾಗ್ನುಸ್ ಬಗ್ಗಿ ನೋಡಿದ. "ಅಪ್‌ಡೇಟ್ ಆಗಿಲ್ವಾ? ಆಗಿರ್ಬೇಕಿತ್ತಲ್ಲ!" ಎನ್ನುತ್ತಲೇ ಅವನ ದಪ್ಪ ಬೆರಳು 'ಈಗಲೇ' ಗುಂಡಿಯತ್ತ ಹೋಯಿತು.

ಆಫ್ರಾ ಅವನ ಕೈಗೆ ಫಟ್ಟೆಂದು ಹೊಡೆದಳು.

ಮಾಗ್ನುಸ್ ಕೈ ಉಜ್ಜಿಕೊಳ್ಳುತ್ತ ಕಣ್ಣು ಬಿಟ್ಟ. ಅವನ ಜನ್ಮದಲ್ಲಿ ಅವನಿಗೆ ಹೀಗೆ ಹೊಡೆದವಳು ಅವನ ತಾಯಿ ಒಬ್ಬಳೇ ಇರಬೇಕು.

"ಅದನ್ನ ಒತ್ತಿದ್ರೆ ಆಲ್ಮಾ ಹೊಸದಾಗಿಬಿಡುತ್ತೆ," ಎಂದಳು ಆಫ್ರಾ, ಉಸಿರು ಹಿಡಿದು. "ಮೊನ್ನೆ ಅದು ಹೇಗಿತ್ತು ಅನ್ನೋದಕ್ಕೆ ಸಾಕ್ಷಿನೇ ಇರಲ್ಲ. ನಿಮಗದು ಗೊತ್ತಿತ್ತಾ ಮಾಗ್ನುಸ್?"

"ಗೊತ್ತಿದ್ರೆ ನಿಮ್ಮೆದುರೇ ಒತ್ತಕ್ಕೆ ಹೋಗ್ತಿದ್ನಾ? ನನಗೆ ಪರದೆ ಮೇಲೆ ಏನು ಕಂಡ್ರೂ ಒತ್ತೋ ಅಭ್ಯಾಸ!"

"ಕೈ ಜೇಬಿನಲ್ಲಿಟ್ಕೊಳ್ಳಿ. ಎರಡೂ." ಆಫ್ರಾ ಬುರ್ಗಾಳತ್ತ ತಿರುಗಿದಳು. "ಇದರಲ್ಲಿ ನನಗೆ ಚೆನ್ನಾಗಿ ಅನುಭವ ಇದೆ. 'ಆಮೇಲೆ' ಒತ್ತಿ."

ಬುರ್ಗಾ ಒತ್ತಿದಳು. ಸೂಚನೆ ಮರೆಯಾಯಿತು. ಕೆಂಪು ದೀಪ ಉಳಿಯಿತು.

"ಈಗ ಹಾರಿಸಿ."

ಬುರ್ಗಾ ಕಣ್ಣು ಮುಚ್ಚಿಕೊಂಡು ಕಡ್ಡಿಗಳನ್ನು ಕೆಳಗೆಳೆದಳು. ಆಫ್ರಾ ತಾನೇ ಯಾವುದೋ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿರುವ ಹಾಗೆ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು.

ಸದ್ದಿಲ್ಲ.

"ಇನ್ನೊಂದ್ಸಲ."

ಕೀಚಲು ದನಿ. ಪರದೆಯ ಮೇಲೆ ಈ ಬಾರಿ ಬೇರೆ ಸಾಲು: ಹಾರಾಟಕ್ಕೆ ಅನುಮತಿಯಿಲ್ಲ. ನಾಲ್ಕೂ ಮೋಟರು ಕಲ್ಲಿನಂತೆ ಕೂತಿದ್ದವು.

"ಇನ್ನೂ ಒಂದ್ಸಲ. ಕಣ್ಣು ಬಿಟ್ಕೊಂಡು ಮಾಡಿ ಬುರ್ಗಾ, ಇದು ನೀವು ನೋಡ್ಬೇಕಾದ್ದು."

ಬುರ್ಗಾ ಕಣ್ಣು ಬಿಟ್ಟಳು. ಕಡ್ಡಿಗಳನ್ನು ಎಳೆದಳು, ಇನ್ನೊಮ್ಮೆ ಎಳೆದಳು, ಆಮೇಲೆ ಯಾರೂ ಹೇಳದಿದ್ದರೂ ಮತ್ತೊಮ್ಮೆ ಎಳೆದಳು. ಡ್ರೋನ್ ಅಲ್ಲಾಡಲಿಲ್ಲ. ಅವಳು ಆಲ್ಮಾವನ್ನು ಸರಕ್ಕನೆ ಹೊರಗೆಳೆದು ಅಲೋಯ್ಸ್‌ನ ಕೈಗೆ ಕೊಟ್ಟು, ರೋಸಿಯನ್ನು ಒಳಗೆ ತಳ್ಳಿದಳು. ಹಸಿರು. ಝುಂಯ್.

"ಹಾರಲ್ಲ," ಎಂದಳು ಬುರ್ಗಾ. "ಆಲ್ಮಾ ಹಾಕಿದ್ರೆ ಹಾರಲ್ಲ. ಹೊಸ ಅಪ್‌ಡೇಟ್ ಅದನ್ನ ನೆಲದಿಂದ ಮೇಲಕ್ಕೇಳೋಕೇ ಬಿಡಲ್ಲ."

"ಹಾರದ್ದು ಬೀಳಲ್ಲ," ಎಂದಳು ಆಫ್ರಾ. "ನಿಮ್ಮ ಅಪ್‌ಡೇಟ್ ಯಾರನ್ನೂ ಕೆಡವಿಲ್ಲ ಬುರ್ಗಾ. ಅದು ತನ್ನ ಕೆಲಸ ಸರಿಯಾಗೇ ಮಾಡಿದೆ. ನೀವೂ ಅಷ್ಟೇ."

ಅವಳು ಜೇಬಿನಿಂದ ಆ ತಪ್ಪೊಪ್ಪಿಗೆ ಕಾಗದವನ್ನು ತೆಗೆದು ಎಲ್ಲರೆದುರು ನಾಲ್ಕು ಚೂರು ಮಾಡಿದಳು. ಚೂರುಗಳನ್ನು ಮರಳಿನ ಬಕೆಟ್ಟಿಗೇ ಹಾಕಿದಳು.

ಅಲೋಯ್ಸ್‌ಗೆ ತಡೆದುಕೊಳ್ಳಲಾಗಲಿಲ್ಲ. ಪೈಪು ಬಿಸಾಡಿ ಅಗ್ನಿಶಾಮಕ ವಾಹನಕ್ಕೆ ಹತ್ತಿ ಹಾರ್ನ್ ಒತ್ತಿ ಹಿಡಿದ. ಬೇಲಿಯಾಚೆಯಿದ್ದವರು ಬೇಲಿ ಹಾರಿ ಒಳಬಂದರು. ಮೊನ್ನೆಯಿಂದ ಚೀಸ್ ಅಂಗಡಿಯ ಮುಂದೆ ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದವರೇ ಈಗ ಬುರ್ಗಾಳ ಬೆನ್ನು ತಟ್ಟಲು ಸಾಲು ನಿಂತರು. ಊರ ಬ್ಯಾಂಡಿನಲ್ಲಿ ಟ್ಯೂಬಾ ಎಂಬ ದೊಡ್ಡ ಕಹಳೆ ಊದುವ ಮುದುಕನಂತೂ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿಯೇ ಇಳಿಸಿದ. ಬುರ್ಗಾ ಅಳುತ್ತಿದ್ದಳು, ನಗುತ್ತಿದ್ದಳು, ಅದರ ನಡುವೆಯೇ ಆಜ್ಞೆಯನ್ನೂ ಮಾಡುತ್ತಿದ್ದಳು.

"ಬೆಲ್ಲಾ, ಫ್ಲೋರಾ ಎರಡೂ ಚಾರ್ಜಿಗೆ ಹಾಕಿ! ಪಕ್ಕದೂರಿನವರಿಗೆ ಫೋನ್ ಮಾಡಿ ಡ್ರೋನ್ ಬೇಕು ಅಂತ ಹೇಳಿ! ನಾಳೆ ಬೆಳಗಿನ ಜಾವ ಎಲ್ಲರೂ ಕೈಗವಸು ಹಾಕ್ಕೊಂಡೇ ಬರ್ಬೇಕು. ಮನುಷ್ಯರ ವಾಸನೆ ಹತ್ತೋ ಹಾಗೆ ಮರೀನ ಬರಿಗೈಲಿ ಮುಟ್ಟಿದವರಿಗೆ ನನ್ನಂಗಡೀಲಿ ಒಂದು ತುಂಡು ಚೀಸೂ ಸಿಗಲ್ಲ!"

ಆಫ್ರಾಗೆ ಹೊಟ್ಟೆ ತುಂಬ ಊಟ ಮಾಡಿದಷ್ಟು ತೃಪ್ತಿಯಾಯಿತು. ನೌಕರಿಯಲ್ಲಿ ಇಂಥ ಮಧ್ಯಾಹ್ನಗಳು ಎಷ್ಟು ಸಿಗುತ್ತವೆ? ಮೇಲಧಿಕಾರಿಗೆ ಫೋನ್ ಮಾಡಿ, "ಕಾಗದ ಕಳಿಸಲ್ಲ ಸಾರ್, ಹರಿದುಹಾಕ್ದೆ," ಎಂದಾಗ ಆಚೆಯಿಂದ ಬಂದ ಮೌನವನ್ನೂ ಅವಳು ಮನಸಾರೆ ಸವಿದಳು. ಬುರ್ಗಾ ಅಷ್ಟರಲ್ಲಿ ಗದ್ದಲದಿಂದ ತಪ್ಪಿಸಿಕೊಂಡು, ಫೋನು ಕಿವಿಗಿಟ್ಟು, ವಾಹನದ ಹಿಂದೆ ಯಾರೊಡನೆಯೋ ಬಿಕ್ಕುತ್ತ ಮಾತಾಡುತ್ತಿದ್ದಳು. ಸಂತೋಷ ಹಂಚಿಕೊಳ್ಳಲಿ ಪಾಪ, ಎಂದುಕೊಂಡಳು ಆಫ್ರಾ.

ಸಂಭ್ರಮದಲ್ಲಿ ಸೇರದೆ ನಿಂತವನು ಒಬ್ಬನೇ. ಎರಡು ಕೈಗಳೂ ಜೇಬಿನಲ್ಲೇ ಇದ್ದವು.

ಆಫ್ರಾ ಮಾಗ್ನುಸ್‌ನನ್ನು ಟ್ರಾಕ್ಟರಿನ ಮರೆಗೆ ಕರೆದಳು.

"ಡ್ರೋನು ಹಾರಿಲ್ಲ. ಆದ್ರೆ ಓಟ್ಮಾರ್ ತಲೆ ಒಡೆದಿರೋದು ಸುಳ್ಳಲ್ಲ," ಎಂದಳು. "ಯಾರೋ ಅವನ ತಲೆಗೆ ಹೊಡೆದಿದ್ದಾರೆ. ಆಮೇಲೆ ಖಾಲಿ ಹೊಟ್ಟೆಯ ಡ್ರೋನಿಗೆ ಒಂದು ಬ್ಯಾಟರಿ ತುರುಕಿ, ರೆಕ್ಕೆ ಮುರಿದು, ಪಕ್ಕದಲ್ಲಿ ಮಲಗ್ಸಿದ್ದಾರೆ. ಬ್ಯಾಟರಿ ಅಂದ್ರೆ ಬ್ಯಾಟರಿ ಅಷ್ಟೇ ಅಂದ್ಕೊಂಡಿದ್ದಾರೆ. ಆ ಬ್ಯಾಟರಿ ನಿಮ್ಮ ಮನೇದು."

"ನಾನು ಹೊಡೀಲಿಲ್ಲ."

"ಓಟ್ಮಾರ್ ನಿಮ್ಮನ್ನ ಕೋರ್ಟು ಕಚೇರಿ ಅಲೆಸಿದ್ದಾನೆ."

"ಹೌದು, ಅಲೆಸ್ದ! ಹೋಗಿ ಸರಿಯಾಗಿ ಬೈದೆ, ಅವನೂ ಬೈದ. ನಮ್ಮಲ್ಲಿ ಅದಕ್ಕೆ ಮಾತು ಬಿಡ್ತೀವಿ, ತಲೆ ಒಡೀತೀವಾ?" ಮಾಗ್ನುಸ್‌ನ ಮುಖ ಕೆಂಪಿನಿಂದ ಕಪ್ಪಿಗೆ ತಿರುಗಿತು. "ಆವತ್ತು ರಾತ್ರಿಯೆಲ್ಲ ನಾನು ಕೊಟ್ಟಿಗೇಲಿದ್ದೆ. ಕರು ಅಡ್ಡ ಬಂದಿತ್ತು. ಪಶುವೈದ್ಯರು ಬೆಳಗಾಗೋವರೆಗೂ ನನ್ ಜೊತೆಗೇ ಇದ್ರು, ಹೋಗಿ ಕೇಳಿ!"

ಕೇಳುವ ಅಗತ್ಯವಿರಲಿಲ್ಲ. ಪಶುವೈದ್ಯೆ ನಿನ್ನೆಯೇ ಬೇರೆ ಯಾವುದೋ ಮಾತಿನ ನಡುವೆ ಅದನ್ನು ಹೇಳಿದ್ದಳು. ಆಫ್ರಾ ಬೇರೆ ಕಡೆಯಿಂದ ಹಿಡಿದಳು.

"ಪರದೆ ನೋಡಿ ನೀವು ಒಂದು ಮಾತು ಅಂದ್ರಿ. 'ಅಪ್‌ಡೇಟ್ ಆಗಿರ್ಬೇಕಿತ್ತಲ್ಲ' ಅಂದ್ರಿ. ನೀವು ಆ ಸಂಜೆ ಬರ್ಲೇ ಇಲ್ಲ. ಮತ್ತೆ ಹೇಗೆ ಆಗಿರ್ಬೇಕಿತ್ತು?"

"ನಾನು ಬರ್ದಿದ್ರೇನು? ಆಲ್ಮಾನ ಕಳಿಸಿದ್ನಲ್ಲ!"

"ಕಳಿಸಿದ್ರಾ? ಬುರ್ಗಾ ಕೈಗೆ ಬಂದೇ ಇಲ್ಲ."

"ಬಂದಿಲ್ವಾ?" ಮಾಗ್ನುಸ್ ನಿಜವಾಗಿಯೂ ಕಕ್ಕಾಬಿಕ್ಕಿಯಾದ. "ನನ್ ಕೈ ಹಸು ಹೊಟ್ಟೆ ಒಳಗಿತ್ತು ಮೇಡಂ, ಮೊಣಕೈವರೆಗೂ. ಆಗ ಪುಣ್ಯಾತ್ಗಿತ್ತಿ ಒಬ್ಳು ತಾನಾಗೇ ಕೊಟ್ಟಿಗೆ ಬಾಗಿಲಿಗೆ ಬಂದು, 'ನೀನು ಹಸು ನೋಡ್ಕೋ ಮಾಗ್ನುಸ್, ನಾನು ಆ ಕಡೆಗೇ ಹೋಗ್ತಿದ್ದೀನಿ, ಆಲ್ಮಾನ ನಾನೇ ಕೊಡ್ತೀನಿ' ಅಂದ್ಲು. ಕಿಟಕಿ ಮೇಲಿದೆ ತಗೊಂಡ್ಹೋಗು ಅಂದೆ. ಎಷ್ಟು ಒಳ್ಳೆಯವಳು, ಗಂಡ ನನ್ನ ಜೊತೆ ಮಾತು ಬಿಟ್ರೂ ಇವಳು ಬಿಟ್ಟಿಲ್ಲ ಅಂದ್ಕೊಂಡೆ."

ಆಫ್ರಾ ಅವನ ಹತ್ತಿರ ಸರಿದಳು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು? ಎಲ್ಲರೂ ಬುರ್ಗಾ ಬುರ್ಗಾ ಅಂತಿದ್ರಿ."

"ಹೆಡ್ವಿಗ್," ಎಂದಳು ಆಫ್ರಾ.

"ಹೆಡ್ವಿಗ್," ಎಂದ ಮಾಗ್ನುಸ್. ಹೇಳಿದ ಮೇಲೆಯೇ ತಾನೇನು ಹೇಳಿದೆ ಎಂಬುದು ಅವನಿಗೂ ಹೊಳೆಯಿತು. ಅವನು ಟ್ರಾಕ್ಟರಿನ ಚಕ್ರಕ್ಕೆ ಒರಗಿಕೊಂಡ.

ಬೆಳಗ್ಗೆ ಆ ಹೆಂಗಸು ಸುರಿಸಿದ ಕಣ್ಣೀರು ಆಫ್ರಾಗೆ ನೆನಪಾಯಿತು. ಬರೀ ಆಕಸ್ಮಿಕ, ಬೇಗ ಮುಗಿಸ್ಬಿಡಿ. ಆಫ್ರಾಗೆ ತನ್ನ ಮೇಲೇ ನಾಚಿಕೆಯಾಯಿತು, ಯಾಕೆಂದರೆ ಆ ಮಾತಿಗೆ ಅವಳು ಕರಗಿದ್ದಳು. ಮತ್ತೊಂದೂ ನೆನಪಾಯಿತು. ಇದು ಬರೀ ಆಕಸ್ಮಿಕ ಎಂದು ಎಲ್ಲರೂ ನಂಬಿದ್ದರಿಂದಲೇ ಆಸ್ಪತ್ರೆಯಲ್ಲಿ ಓಟ್ಮಾರ್‌ನ ಬಾಗಿಲಿಗೆ ಒಬ್ಬ ಪೊಲೀಸಿನವನನ್ನೂ ನಿಲ್ಲಿಸಿರಲಿಲ್ಲ.

ಅವಳು ಆಸ್ಪತ್ರೆಗೆ ಫೋನ್ ಮಾಡಿದಳು. ಅಲೋಯ್ಸ್ ಇನ್ನೂ ಹಾರ್ನ್ ಬಾರಿಸುತ್ತಲೇ ಇದ್ದ. ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡಳು.

"ನಿಮಗೇ ಫೋನ್ ಮಾಡೋಣ ಅಂತಿದ್ದೆ ಮೇಡಂ!" ನರ್ಸ್ ಹುರುಪಿನಲ್ಲಿದ್ದ. "ಒಳ್ಳೇ ಸುದ್ದಿ! ನಿಮ್ಮ ಓಟ್ಮಾರ್ ಈಗಷ್ಟೇ ಕಣ್ಣು ಬಿಟ್ರು. ನೀರು ಕೇಳಿದ್ರು. ಹೆಂಡ್ತಿನ ಗುರುತು ಹಿಡಿದ್ರು."

"ಆಕೆ ಎಲ್ಲಿದ್ದಾರೆ?"

"ಗಂಡನ ಹತ್ರಾನೇ. ನಾವೂ ಅಲ್ಲೇ ಇದ್ವಿ. ಅಷ್ಟರಲ್ಲಿ ಆಕೆಗೆ ಊರಿಂದ ಒಂದು ಫೋನ್ ಬಂತು. ಮಾತಾಡಿ ಇಟ್ಟು, ಸ್ವಲ್ಪ ಹೊತ್ತು ನಮ್ಮಿಬ್ಬರನ್ನೇ ಬಿಡಿ ಅಂತ ಕೈ ಮುಗಿದ್ರು. ಪಾಪ ಅಂತ ನಾವೆಲ್ಲ ಆಚೆ ಬಂದ್ವಿ."

"ಒಳಗೆ ಹೋಗಿ! ಈಗಲೇ ಹೋಗಿ, ಫೋನ್ ಇಡ್ಬೇಡಿ!" ಎಂದು ಕೂಗುತ್ತ ಆಫ್ರಾ ಕಾರಿನತ್ತ ಓಡಿದಳು. ಆಚೆಯಿಂದ ನರ್ಸ್‌ನ ಬೂಟುಗಳು ಕಾರಿಡಾರಿನಲ್ಲಿ ದಡಬಡಿಸುವ ಸದ್ದು ಕೇಳಿಸಿತು.

ದಾರಿಗೆ ಅಡ್ಡವಾಗಿ ಬುರ್ಗಾ ಬಂದಳು. ಕೆನ್ನೆಯೆಲ್ಲ ಒದ್ದೆ, ಮುಖದ ತುಂಬ ನಗು, ಕೈಯಲ್ಲಿ ಫೋನು.

"ಮೊದಲು ಹೆಡ್ವಿಗ್‌ಗೇ ಹೇಳ್ದೆ ಮೇಡಂ," ಎಂದಳು. "ಡ್ರೋನು ಹಾರಿಲ್ಲ, ಆಲ್ಮಾನೇ ಸಾಕ್ಷಿ ಅಂತ ಎಲ್ಲಾ ಹೇಳ್ಬಿಟ್ಟೆ."